ಷಡ್ಡಕನ ದೋಣಿ, ನನ್ನ ಎರಡು ತಗಡು

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಸಕ್ಕರೆ ಕಾಯಿಲೆಯವರು ಮದುವೆಮನೆಯಲ್ಲಿ ಲಾಡು ಬಡಿಸುವವನಿಗೆ ಮೊದಲೇ ಹೇಳಿಬಿಡುವಂತೆ ನಾನೂ ಹೇಳಿಬಿಡುತ್ತೇನೆ. ಆದರೆ ನನ್ನ ಹೊಟ್ಟೆಕಿಚ್ಚಿಗೂ ಒಂದು ಶಿಸ್ತಿದೆ. ದೊಡ್ಡ ಶ್ರೀಮಂತರನ್ನು ಕಂಡರೆ ನನಗೆ ಏನೂ ಅನ್ನಿಸುವುದಿಲ್ಲ. ಬೀದರಿನ ಚಿದ್ರಿಯ ನಮ್ಮ ಓಣಿಯಲ್ಲಿ ಎದುರಿಗೇ ಮೂರಂತಸ್ತಿನ ಮನೆ ಎದ್ದಾಗಲೂ ನೆಮ್ಮದಿಯಿಂದ ನಿದ್ದೆ ಮಾಡಿದವನು ನಾನು. ನನಗೆ ಉರಿಯುವುದು ಸಮೀಪದವರ ಏಳಿಗೆ ಕಂಡಾಗ. ಅದರಲ್ಲೂ ಭಾಲ್ಕಿಯ ಪ್ರಕಾಶನ ಏಳಿಗೆ ಕಂಡಾಗ. ಪ್ರಕಾಶ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ. ಅವನದು ಭಾಲ್ಕಿಯಲ್ಲಿ ಪಂಪ್‌ಸೆಟ್ ಅಂಗಡಿ. ನಾನು ಬೀದರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ.

ಔರಾದ ತಾಲ್ಲೂಕಿನ ಎಕಂಬಾದಲ್ಲಿರುವ ಮಾವನ ಮನೆಗೆ ನಾನು ಹಿರಿಯ ಅಳಿಯ. ಇದೇನು ಸಣ್ಣ ಹುದ್ದೆಯಲ್ಲ. ಊಟಕ್ಕೆ ಕುಳಿತರೆ ಮಾವನ ಬಲಕ್ಕೆ ನನ್ನ ಜಾಗ, ಮೊದಲ ತಾಟು ನನಗೆ. ಹದಿನೆಂಟು ವರ್ಷ ನಡೆದುಬಂದ ಈ ವ್ಯವಸ್ಥೆ ಹೋದ ವರ್ಷ ಒಂದೇ ಏಟಿಗೆ ಕುಸಿಯಿತು. ಪ್ರಕಾಶ ಹೈದರಾಬಾದಿನಿಂದ, ಯಾರೋ ಓಡಿಸಿ ಬಿಟ್ಟ ಬಿಳಿ ಮೋಟಾರ್ ದೋಣಿಯೊಂದನ್ನು ಲಾರಿಯ ಮೇಲೆ ಹೇರಿಕೊಂಡು ಬಂದು, ಪರವಾನಗಿ ಪಡೆದು ಕಾರಂಜಾ ಹಿನ್ನೀರಿಗೆ ಇಳಿಸಿಬಿಟ್ಟ. ಮೀನು ಹಿಡಿಯಲಿಕ್ಕಲ್ಲ, ಜನರನ್ನು ದಾಟಿಸಲಿಕ್ಕಲ್ಲ, ಸುಮ್ಮನೆ ಸುತ್ತಾಡಲಿಕ್ಕೆ! ಅದಾದ ಮೇಲೆ ಹಬ್ಬಕ್ಕೆಂದು ಎಕಂಬಾಕ್ಕೆ ಹೋದರೆ ಮಾವ, "ಪ್ರಕಾಶಪ್ಪಾ, ಈ ಕಡಿ ಬರ್ರಿ, ನನ್ನ ಬಾಜೂಕ ಕೂಡ್ರಿ. ನಿಮ್ಮ ಬೋಟಿಂದು ಜರಾ ಹೇಳ್ರಿ" ಎಂದರು. ಮೊದಲ ತಾಟು ನನ್ನ ಮೂಗಿನ ಮುಂದೆಯೇ ಹಾದು ಹೋಗಿ ಅವನ ಮುಂದೆ ಕುಳಿತಿತು. ಆ ದಿನದ ಹೋಳಿಗೆ ಸಿಹಿಯಾಗಿತ್ತೋ ಸಪ್ಪಗಿತ್ತೋ ನನಗಂತೂ ಗೊತ್ತಾಗಲಿಲ್ಲ.

ಆ ದೋಣಿಯ ಮುಖ ನೋಡಬಾರದೆಂದು ಶಪಥ ಮಾಡಿದ್ದೆ. ಎರಡನೇ ವಾರಕ್ಕೇ ಹೋದೆ. ಏನಾದರೂ ಹುಳುಕು ಸಿಕ್ಕೀತೇ ಎಂದು ಒಂದು ಸುತ್ತು ಹಾಕಿಸಿಕೊಂಡೆ. ಸಿಕ್ಕಿತು! ವೇಗ ಹಿಡಿಯುತ್ತಲೇ ದೋಣಿ ಎಡಕ್ಕೆ ವಾಲುತ್ತಿತ್ತು, ಮೂತಿಯನ್ನು ಮೇಲೆತ್ತಿ ಮುಂದಿನ ನೀರೇ ಕಾಣದಂತೆ ಮಾಡುತ್ತಿತ್ತು. ನನಗಾದ ಸಂತೋಷವನ್ನು ಹೇಗೆ ಹೇಳಲಿ! "ಪ್ರಕಾಶ, ನಿನ್ನ ಬೋಟ್ ಸೊಟ್ಟ ಅದಲ್ಲೋ!" ಎಂದೆ. ಪುಣ್ಯಾತ್ಮನಿಗೆ ಬೇಸರವೂ ಆಗಲಿಲ್ಲ. "ಹೌದ್ರಿ ಅಣ್ಣಾವ್ರ. ಹಿಂದ ಎರಡು ತಗಡ ಅದಾವ, ಟ್ರಿಮ್ ಟ್ಯಾಬ್ ಅಂತಾರ. ಅವು ಸರಿ ಮಾಡಿದ್ರ ಸೀದಾ ಹೋಗ್ತದಂತ. ನನಗ ಆ ಹಿಕಮತ್ತು ಬರಲ್ರಿ" ಎಂದು ನಕ್ಕ. ಬಗ್ಗಿ ನೋಡಿದೆ. ದೋಣಿಯ ಹಿಂಬದಿಯ ಕೆಳಗೆ ಎಡಕ್ಕೊಂದು, ಬಲಕ್ಕೊಂದು ತಗಡು. ಅವನ್ನು ಇಳಿಸಿ ಏರಿಸಲು ಸ್ಟೀರಿಂಗಿನ ಪಕ್ಕದಲ್ಲಿ ಎರಡು ಸ್ವಿಚ್ಚು. ಎಡದ ತಗಡನ್ನು ಇಳಿಸಿದರೆ ಓಡುವ ನೀರು ಅದನ್ನು ಒತ್ತಿ ದೋಣಿಯ ಎಡಮಗ್ಗುಲನ್ನು ಮೇಲೆತ್ತುತ್ತದೆ. ಎರಡನ್ನೂ ಇಳಿಸಿದರೆ ಮೂತಿ ಕೆಳಗಿಳಿಯುತ್ತದೆ. ಇಷ್ಟೇ! ಒಂಬತ್ತನೇ ಇಯತ್ತೆಯ ವಿಜ್ಞಾನ. ದೋಣಿ ಅವನದಾದರೇನು, ಅದನ್ನು ನೆಟ್ಟಗೆ ಓಡಿಸುವವನು ನಾನಾದರೆ ಮಾವನ ಬಲಕ್ಕೆ ಯಾರು ಕೂಡಬೇಕು ಎಂಬ ಲೆಕ್ಕ ಅಲ್ಲೇ ತಲೆಯಲ್ಲಿ ಮೂಡಿತು.

ನನ್ನ ಗುರು ಖಾಜಾ ಭಾಯಿ, ಬೀದರಿನಿಂದ ಬಂದು ಆ ದೋಣಿಯ ಎಂಜಿನ್ ನೋಡಿಕೊಳ್ಳುವ ಮೆಕ್ಯಾನಿಕ್. "ಮಾಸ್ಟರ್ ಸಾಬ್, ಜರಾ ಒತ್ರಿ, ಬಿಡ್ರಿ. ಆಮ್ಯಾಲ ಸಬರ್ ಮಾಡ್ರಿ. ನೀರು ಜವಾಬ್ ಕೊಡ್ಲಿಕ್ಕ ಎರಡು ಮೂರು ಉಸಿರು ತಗೋತದ" ಎಂದರು. ಸಬರ್, ಅಂದರೆ ತಾಳ್ಮೆ, ಹೊಟ್ಟೆ ಉರಿಯುವವನಿಗೆ ಎಲ್ಲಿಂದ ಬರಬೇಕು? ಎಡಸ್ವಿಚ್ಚು ಒತ್ತಿದೆ, ಏನೂ ಆಗಲಿಲ್ಲ. ಮತ್ತೆ ಒತ್ತಿದೆ, ಇನ್ನೊಮ್ಮೆ ಒತ್ತಿದೆ. ಆಗ ಮೂರೂ ಒತ್ತಿಗೆ ಒಟ್ಟಿಗೇ ಜವಾಬು ಬಂದು ದೋಣಿ ಬಲಕ್ಕೆ ಮಲಗಿತು. ಗಾಬರಿಯಿಂದ ಬಲದ್ದನ್ನು ಒತ್ತಿ ಹಿಡಿದೆ. ಮೂತಿ ನೀರಿಗೆ ಚುಚ್ಚಿಕೊಂಡು ಖಾಜಾ ಭಾಯಿಯ ಗಡ್ಡವೆಲ್ಲ ತೊಯ್ದುಹೋಯಿತು. "ಅರೆ ಸಾಬ್, ಸ್ವಿಚ್ಚಿನ ಮ್ಯಾಲ ಅಷ್ಟು ಸಿಟ್ಟು ಯಾಕ? ಅದೇನು ನಿಮ್ಮ ಸಾಡೂನ ಕುತ್ತಿಗಿ ಅದಾ?" ಎಂದರು. ಷಡ್ಡಕನ ಮೇಲಿನ ನನ್ನ ಉರಿ ಆ ಮನುಷ್ಯನಿಗೆ ಹೇಗೆ ತಿಳಿಯಿತೋ! ಮನೆಯಲ್ಲೂ ಅಭ್ಯಾಸ ನಡೆಸಿದೆ. ಗೋಡೆಯ ಮೇಲಿನ ಫ್ಯಾನಿನ ಸ್ವಿಚ್ಚು ಒತ್ತುವುದು, ಬಿಡುವುದು, ಕಣ್ಣುಮುಚ್ಚಿ ಮೂರು ಉಸಿರು ಎಣಿಸುವುದು. ಹೆಂಡತಿ ಶಾರದಾ ಬಾಗಿಲಲ್ಲಿ ನಿಂತು, "ಏನ್ ನಡಸೀರಿ? ಫ್ಯಾನಿಗಿ ಪೂಜಿ ಮಾಡ್ಲತ್ತೀರೇನು?" ಎಂದು ಕೇಳಿದಳು. ಕೇಳಲಿ. ಒಂಬತ್ತು ಭಾನುವಾರ ಕಳೆಯುವಷ್ಟರಲ್ಲಿ ನನ್ನ ಬೆರಳಿಗೆ ಬುದ್ಧಿ ಬಂದಿತ್ತು.

ಹತ್ತನೇ ಭಾನುವಾರ ಮಾವ, ಅತ್ತೆ ಎಕಂಬಾದಿಂದ ಬುತ್ತಿ ಕಟ್ಟಿಕೊಂಡು ಬಂದರು. ನಮ್ಮ ಅತ್ತೆ ಅಳಿಯಂದಿರ ಎದುರಿಗೆ ಕೂಡುವವರಲ್ಲ. ತಲೆಯ ಮೇಲೆ ಸೆರಗು ಹೊದ್ದು ದೋಣಿಯ ಎಡಮೂಲೆ ಹಿಡಿದರು. ಶಾರದಾ, ಅವಳ ತಂಗಿ ಇಬ್ಬರೂ ತಾಯಿಯ ಪಕ್ಕಕ್ಕೇ ಸರಿದರು. "ನಾ ನಡಸ್ತೇನಿ" ಎಂದೆ. ಪ್ರಕಾಶ ಖುಷಿಯಿಂದ ಜಾಗ ಬಿಟ್ಟ. ದೋಣಿ ವೇಗ ಹಿಡಿದು ಎಡಕ್ಕೆ ವಾಲಿತು, ಅತ್ತೆ "ಯವ್ವಾ!" ಎಂದು ಮಗಳನ್ನು ಹಿಡಿದುಕೊಂಡರು. ಎಡಸ್ವಿಚ್ಚನ್ನು ಜರಾ ಒತ್ತಿದೆ, ಬಿಟ್ಟೆ. ಒಂದು ಉಸಿರು, ಎರಡು, ಮೂರು. ಎಡಮಗ್ಗುಲು ಮೆಲ್ಲಗೆ ಎದ್ದಿತು. ಆಮೇಲೆ ಎರಡನ್ನೂ ಒಂದಿಷ್ಟು ಒತ್ತಿದೆ. ಮೂತಿ ತಗ್ಗಿ ದೋಣಿ ನೆಟ್ಟಗೆ ಓಡತೊಡಗಿತು. "ಶಾಬ್ಬಾಸ್ ಮಾಸ್ತರ್ರಾ! ತಾಟಿನ್ಯಾಗಿನ ನೀರೂ ಅಲಗಲ್ದಂಗ ಹೊಂಟದಲ್ರಿ!" ಎಂದು ಮಾವ ತೊಡೆ ತಟ್ಟಿದರು. ಹದಿನೆಂಟು ವರ್ಷದಲ್ಲಿ ಅಂಥ ಶಾಬ್ಬಾಸ್‌ಗಿರಿ ನನಗೆ ಸಿಕ್ಕಿರಲಿಲ್ಲ, ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಬುತ್ತಿ ಬಿಚ್ಚಿದರು. ದೋಣಿ ನಿಲ್ಲಿಸಿ, ಮಾವನ ಬಲಕ್ಕೆ ಹೋಗಿ ಕೂಡೋಣವೆಂದು ಎಂಜಿನ್ನಿಗೆ ಕೈ ಹಾಕಿದೆ. "ಬ್ಯಾಡ ಬ್ಯಾಡ, ನಿಲ್ಲಸಬ್ಯಾಡ್ರಿ, ಗಾಳಿ ಛಂದ ಬರ್ಲತ್ತದ. ನೀವು ಏಳಬ್ಯಾಡ್ರಿ, ಮತ್ತ ವಾಲ್ತದ!" ಎಂದರು ಮಾವ. ಮಾವನ ಬಲಕ್ಕೆ ಖಾಲಿಯಿದ್ದ ಜಾಗದಲ್ಲಿ ಪ್ರಕಾಶ ಕುಳಿತ. ಮೊದಲ ತಾಟು ಅವನಿಗೇ ಹೋಯಿತು. ನಮ್ಮ ಕಡೆ ಮೂರು ಸಲ ಬೇಡ ಎನ್ನದೆ ರೊಟ್ಟಿ ಹಾಕಿಸಿಕೊಂಡರೆ ಮರ್ಯಾದೆಯಲ್ಲ. ಹೀಗಾಗಿ ಶಾರದಾ ಒಂದೊಂದು ರೊಟ್ಟಿಗೂ ಮೂರು ಸಲ ಎದ್ದಳು, ಮೂರು ಸಲ ಕುಳಿತಳು. ಅವಳು ಎದ್ದಾಗಲೆಲ್ಲ ದೋಣಿ ವಾಲಿತು, ವಾಲಿದಾಗಲೆಲ್ಲ ನಾನು ಒತ್ತಿದೆ, ಬಿಟ್ಟೆ, ಉಸಿರು ಎಣಿಸಿದೆ. ಬೆನ್ನ ಹಿಂದಿನಿಂದ ಶೇಂಗಾ ಹಿಂಡಿ ಚಟ್ನಿಯ ವಾಸನೆ ಬರುತ್ತಿತ್ತು. ಅದರ ಜೊತೆಗೆ ಮಾವನ ತೃಪ್ತಿಯ ದನಿಯೂ ಬಂತು: "ಖರೇ ಹೇಳ್ತೇನಿ ಪ್ರಕಾಶಪ್ಪಾ, ಬೋಟ್ ಯಾರು ಬೇಕಾದ್ರೂ ತಗೋಬಹುದು. ಇಂಥ ನಡಸೋರು ಸಿಗಬೇಕಲ್ರಿ! ನೀವು ಭಾಳ ನಸೀಬವಾನ ಅದೀರಿ."

ಒಂಬತ್ತು ಭಾನುವಾರ ಕಷ್ಟಪಟ್ಟು ಕಲಿತದ್ದೂ ಅವನ ನಸೀಬಿಗೇ ಸೇರಿಹೋಯಿತು! ಈಗ ಪ್ರತಿ ಶನಿವಾರ ಪ್ರಕಾಶ ಫೋನ್ ಮಾಡುತ್ತಾನೆ: "ಅಣ್ಣಾವ್ರ, ನಾಳಿಗಿ ಬರ್ತೀರಲ್ರಿ?" ಶಾರದಾ, "ಅಷ್ಟು ಉರೀತದಂದ್ರ ಹೋಗಬ್ಯಾಡ್ರಿ, ಯಾರು ಕೈ ಹಿಡದು ಎಳದಾರ?" ಎನ್ನುತ್ತಾಳೆ. ಅವಳಿಗೇನು ಗೊತ್ತು! ನಾನು ಹೋಗದಿದ್ದರೆ ಅವನೇ ಕಲಿತುಬಿಟ್ಟಾನು.