ಕೆಂಪು ಪೆನ್ನಿನ ಯೋಗ್ಯತೆ

ನನಗೆ ಕೆಂಪು ಪೆನ್ನು ಕಂಡರೆ ಆಸೆ. ಮೊಮ್ಮಕ್ಕಳಾಗುವ ವಯಸ್ಸಿನಲ್ಲಿ ಹೇಳಿಕೊಳ್ಳುವಂಥ ಆಸೆಯಲ್ಲ ಇದು, ಗೊತ್ತು. ಆದರೆ ದೆಹಲಿಯ ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೇಳು ವರ್ಷ ಕಡತ ಹೊತ್ತ ನನಗೆ ಆ ಬಣ್ಣ ನಿಷಿದ್ಧ. ಕೆಂಪು, ಹಸಿರು ಶಾಯಿಯೆಲ್ಲ ಬಹಳ ಮೇಲಿನ ಸಾಹೇಬರಿಗೆ. ನಮ್ಮಂಥವರು ನೀಲಿಯಲ್ಲೇ ಸೇರಿ ನೀಲಿಯಲ್ಲೇ ನಿವೃತ್ತರಾಗಬೇಕು. ಹಾಗೆ ನೋಡಿದರೆ, ಪದವಿ ಮುಗಿಸಿದ ವರ್ಷ ಹಾಸನದ ಕಡೆಯ ಹೈಸ್ಕೂಲೊಂದರಲ್ಲಿ ನನಗೆ ಮೇಷ್ಟ್ರ ಕೆಲಸ ಸಿಕ್ಕಿತ್ತು. ಅದೇ ವಾರ ದೆಹಲಿಯ ಗುಮಾಸ್ತನ ಕೆಲಸದ ಆದೇಶವೂ ಬಂತು. ಸೋದರಮಾವ ಎರಡೂ ಕಾಗದ ಓದಿ, "ಅಲ್ಲಯ್ಯಾ, ಮೇಷ್ಟ್ರ ಸಂಬಳಕ್ಕೆ ಹೆಣ್ಣು ಕೊಡೋರು ಯಾರು?" ಅಂದರು. ಹೆಣ್ಣಿನ ಮಾತು ಬಂದದ್ದೇ ತಡ, ನಾನು ರೈಲು ಹತ್ತಿದೆ. ಕೊನೆಗೆ ಹೆಣ್ಣು ಕೊಟ್ಟವರೂ ಮೇಷ್ಟ್ರೇ ಆಗಿದ್ದು ನನ್ನ ಹಣೆಬರಹ. ಈಗಲೂ ಆರ್.ಕೆ. ಪುರಂನ ಬಸ್ ಸ್ಟಾಪಿನಲ್ಲಿ ನಿಂತಾಗ ಪಕ್ಕದ ಶಾಲೆಯ ಗಂಟೆ ಬಾರಿಸಿದರೆ, ಯಾವುದೋ ತರಗತಿ ನನಗಾಗಿ ಕಾಯುತ್ತಿದೆ ಎನಿಸಿ ಸಂಕಟವಾಗುತ್ತದೆ.

ಇಂಥವನಿಗೆ ಹೆಂಡತಿ ಸರಸ ಒಪ್ಪಿಸಿದ ಕೆಲಸ ನೋಡಿ. ಮಗಳು ನಂದಿನಿ ಬಿ.ಎಡ್. ಮುಗಿಸಿ ಜನಕಪುರಿಯ ಖಾಸಗಿ ಶಾಲೆಯೊಂದರಲ್ಲಿ ಆರು ತಿಂಗಳಿಂದ ಪಾಠ ಮಾಡುತ್ತಿದ್ದಳು. ಅಷ್ಟರಲ್ಲಿ ಗುರ್ಗಾಂವ್‌ನ ಕಂಪನಿಯೊಂದು ಮೂರು ಪಟ್ಟು ಸಂಬಳಕ್ಕೆ ಕರೆಯಿತು. ಸೋಮವಾರದೊಳಗೆ ಉತ್ತರ ಕೊಡಬೇಕು. "ಅವಳು ಬೇಡ ಅಂತಿದಾಳೆ. ಮೇಷ್ಟ್ರ ಮನೇಲಿ ಬೆಳೆದೋಳು ನಾನು, ನನಗೆ ಗೊತ್ತು ಕಷ್ಟ. ನೀವೇ ಸ್ವಲ್ಪ ಬುದ್ಧಿ ಹೇಳಿ," ಎಂದಳು ಸರಸ. ಮಗಳ ಮುಖ ನೋಡಿ ಬುದ್ಧಿ ಹೇಳುವ ಧೈರ್ಯ ನನಗೆಲ್ಲಿ? ಅಭ್ಯಾಸಬಲದಿಂದ ಒಂದು ಟಿಪ್ಪಣಿ ಬರೆದೆ, ಕಚೇರಿಯ ಇಂಗ್ಲಿಷಿನಲ್ಲಿ, ಪ್ಯಾರಾಗಳಿಗೆಲ್ಲ ನಂಬರು ಹಾಕಿ. ಎರಡೂ ಕಡೆಯ ಸಂಬಳ, ಬಡ್ತಿ, ಓಡಾಟದ ಕ್ಯಾಬ್ ಸೌಕರ್ಯ ಎಲ್ಲ ಹೋಲಿಸಿ, ಕಂಪನಿಯೇ ಸೂಕ್ತವೆಂದು ಶಿಫಾರಸು ಮಾಡಿ, 'ಆದೇಶಕ್ಕಾಗಿ ಸಲ್ಲಿಸಿದೆ' ಎಂದು ಮುಗಿಸಿ ಸಹಿ ಹಾಕಿದೆ. ನಂದಿನಿ ತಿದ್ದಲು ತಂದಿದ್ದ ಮಕ್ಕಳ ನೋಟ್‌ಬುಕ್ಕುಗಳ ಮೇಲೆ ಅದನ್ನಿಟ್ಟು ತರಕಾರಿ ತರುವ ನೆಪದಲ್ಲಿ ಮನೆಯಿಂದ ಜಾರಿಕೊಂಡೆ.

ಬರುವಷ್ಟರಲ್ಲಿ ಟಿಪ್ಪಣಿ ನನ್ನ ಕುರ್ಚಿಯ ಮೇಲಿತ್ತು. ಪುಟದ ತುಂಬ ಕೆಂಪು! ಹತ್ತಕ್ಕೆ ನಾಲ್ಕು. "ಲೆಕ್ಕ ಸರಿ, ಉತ್ತರ ತಪ್ಪು. ಯಾವ ಕೆಲಸ ಇಷ್ಟ ಎಂಬ ಪ್ರಶ್ನೆಯನ್ನೇ ಬಿಟ್ಟಿದ್ದೀರಿ. ಮತ್ತೆ ಬರೆದು ತೋರಿಸಿ."

"ಬೋಲೋ ಅಪ್ಪಾ, ನಿಮ್ಮಿಷ್ಟ ಕೇಳಿದ್ರೆ ಯಾವ್ದು ಹೇಳ್ತಿದ್ರಿ?" ಎಂದಳು ನಂದಿನಿ.

ಸರಸ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. "ಸ್ಕೂಲು," ಅಂದೆ. ಇಪ್ಪತ್ತೇಳು ವರ್ಷ ತಡವಾಗಿ, ಅದೂ ಬೇರೆಯವರ ಪರೀಕ್ಷೆಯಲ್ಲಿ. ಸರಸ ಒಳಗೆ ಹೋಗಿ ಕುಕ್ಕರನ್ನು ಅಗತ್ಯಕ್ಕಿಂತ ಜೋರಾಗಿ ಇಟ್ಟಳು.

ಸೋಮವಾರ ಮಗಳು ಕಂಪನಿಗೆ ಒಲ್ಲೆನೆಂದು ಬರೆದಳು. ಅಂದು ಸಂಜೆ ನಾನು ಮೆಲ್ಲಗೆ ಅವಳ ಪಕ್ಕ ಕುಳಿತು, "ಅರ್ಧ ನೋಟ್‌ಬುಕ್ಕು ನನಗೆ ಕೊಡಮ್ಮ, ತಿದ್ದಿಕೊಡ್ತೀನಿ," ಎಂದು ಕೆಂಪು ಪೆನ್ನಿಗೆ ಕೈ ಚಾಚಿದೆ. ಅವಳು ಅದನ್ನು ತನ್ನ ಕಡೆಗೆ ಎಳೆದುಕೊಂಡು ನಕ್ಕಳು.

"ಸಾರಿ ಅಪ್ಪಾ, ನಿಮ್ಮ ಗ್ರೇಡ್‌ಗೆ ಇದಿಲ್ಲ. ಚಲೋ, ನೀವು ಮಾರ್ಕ್ಸ್ ಟೋಟಲ್ ಮಾಡಿ."

ಈಗ ದಿನಾ ಸಂಜೆ ಅಂಕ ಕೂಡುತ್ತಿದ್ದೇನೆ, ನೀಲಿಯಲ್ಲಿ.