ಏಣಿಯನ್ನೇ ಕಂಡಿರದ ಕ್ಲೋವಿಸ್

ಮಿಸ್ ಯೂಲಳ ಮನೆಯ ಮೇಲೆ ಹೊದಿಸಿದ್ದ ನೀಲಿ ಟಾರ್ಪಾಲು ಮಂಗಳವಾರ ಬೆಳಗಿನ ಗಾಳಿಗೆ ಹರಿಯಿತು. ಹರಿದದ್ದು ಒಂದು ಗೇಣಷ್ಟೇ. ಆದರೆ ಆ ಗೇಣು ಸರಿಯಾಗಿ ಅನಟೋಲ್ ಮುದುಕ ಪ್ರಾಣ ಬಿಟ್ಟ ಮಂಚದ ನೇರಕ್ಕಿತ್ತು.

ಚಂಡಮಾರುತ ಬಂದುಹೋಗಿ ಆರು ವಾರವಾಗಿತ್ತು. ಗಾಳಿ ಅನಟೋಲನನ್ನು ಏನೂ ಮಾಡಿರಲಿಲ್ಲ. ಆಮೇಲಿನ ಹನ್ನೊಂದು ದಿನದ ಕರೆಂಟಿಲ್ಲದ ಸೆಕೆ ಅವನನ್ನು ಮುಗಿಸಿತ್ತು. ಅವನ ಹೆಂಡತಿ, ಮದುವೆಯಾಗಿ ಎಷ್ಟು ವರ್ಷವಾದರೂ ಊರಿಗೆಲ್ಲ ಮಿಸ್ ಯೂಲಳೇ ಆಗಿದ್ದ ಎಂಬತ್ತೊಂದರ ಮುದುಕಿ, ಗಂಡನ ಮಂಚ ಬಿಟ್ಟು ಬೇರೆಲ್ಲೂ ಮಲಗೆನೆಂದು ಹಟ ಹಿಡಿದು, ಗೋಡೆಯ ಬೂಷ್ಟಿನ ನಡುವೆ ಕೆಮ್ಮುತ್ತ ಆ ಕೋಣೆಯಲ್ಲೇ ಉಳಿದಿದ್ದಳು. ಪರವಾನಗಿ ಇರುವ ಛಾವಣಿ ಗುತ್ತಿಗೆದಾರರಿಗೆ ಫೋನ್ ಮಾಡಿದರೆ ಎಲ್ಲರದೂ ಒಂದೇ ಉತ್ತರ, ಈಸ್ಟರ್ ಕಳೆಯಲಿ. ಆಗಿನ್ನೂ ಅಕ್ಟೋಬರ್, ಈಸ್ಟರ್ ಬರುವುದು ಏಪ್ರಿಲ್ ಹೊತ್ತಿಗೆ.

"ಈಸ್ಟರ್ ಹೊತ್ತಿಗೆ ನಾನೂ ಅನಟೋಲನ ಪಕ್ಕ ಮಲಗಿರ್ತೀನಿ ಮಗಾ," ಎಂದಳು ಅವಳು, ಬೇಲಿಯಾಚೆ ನಿಂತಿದ್ದ ಕ್ಲೋವಿಸ್‌ಗೆ. "ಅಲ್ಲಾದ್ರೆ ಮೇಲಿನ ಮುಚ್ಚಳ ಭದ್ರವಾಗಿರುತ್ತೆ."

ಕ್ಲೋವಿಸ್ ಫಾಲ್ಗೂಗೆ ಐವತ್ತಮೂರು ವರ್ಷ. ಸೀಗಡಿ ದೋಣಿಗಳು ನಿಲ್ಲುವ ಆ ಹೊಳೆದಂಡೆಯ ಬೀದಿಯಲ್ಲಿ ಅವನ ಸುತ್ತಿಗೆ ತಾಗದ ಛಾವಣಿ ಇರಲಿಲ್ಲ. ಆದರೆ ಕಾನೂನು ಬದಲಾಗಿತ್ತು. ಮನೆಯ ಛಾವಣಿ ಮುಟ್ಟುವವನಿಗೆ ರಾಜ್ಯದ ಪರವಾನಗಿ ಇರಬೇಕು. ಪರವಾನಗಿಗೆ ಪರೀಕ್ಷೆ ಬೇಕು, ವಿಮೆ ಬೇಕು, ಇಷ್ಟು ವರ್ಷ ದುಡಿದಿದ್ದೇನೆ ಎಂಬುದಕ್ಕೆ ಸಾಕ್ಷಿ ಬೇಕು. ಚಂಡಮಾರುತದ ತುರ್ತುಕಾಲದಲ್ಲಿ ಪರವಾನಗಿ ಇಲ್ಲದೆ ಹತ್ತಿದರೆ ಜೈಲು. ಪಕ್ಕದೂರಿನಲ್ಲಿ ಹೋದ ವಾರವಷ್ಟೇ ಒಬ್ಬನನ್ನು ಛಾವಣಿಯಿಂದ ಇಳಿಸಿ, ಮೊಳೆಚೀಲ ಸೊಂಟದಲ್ಲಿರುವಾಗಲೇ ಶೆರಿಫನ ಜನ ಕೈಕೋಳ ತೊಡಿಸಿದ್ದರು. ಕ್ಲೋವಿಸ್ ವಸಂತದಲ್ಲೇ ಪರೀಕ್ಷೆ ಬರೆದು ಅರ್ಜಿ ಹಾಕಿದ್ದ. ಉತ್ತರ ಬರುವ ಬದಲು ಚಂಡಮಾರುತ ಬಂದು, ಊರಿನ ಅಂಚೆ ಕಚೇರಿಯನ್ನೇ ಹೊಳೆಗೆ ದೂಡಿತ್ತು. ಹೆಂಡತಿ ಇವೆಟ್, "ದುಡಿಮೆಗೆ ದಾರಿಯಾದ ದಿನ ಫೋನ್ ಮಾಡು, ಬರ್ತೀನಿ," ಎಂದು ಹೇಳಿ ಹೂಸ್ಟನ್ನಿನ ತಂಗಿಯ ಮನೆ ಸೇರಿದ್ದಳು.

ಮಧ್ಯಾಹ್ನದ ಮೇಲೆ ಜೋರು ಮಳೆ ಎಂದು ರೇಡಿಯೋ ಹೇಳುತ್ತಿತ್ತು. ಒಳಗೆ ಮುದುಕಿ ಮತ್ತೊಮ್ಮೆ ಕೆಮ್ಮಿದಳು. ಕ್ಲೋವಿಸ್ ಬೀದಿಯ ಎರಡೂ ತುದಿ ನೋಡಿ, ಕೋಳಿ ಕದಿಯುವವನ ಹಾಗೆ ಹೆಗಲು ಕುಗ್ಗಿಸಿಕೊಂಡು, ಏಣಿ ಒರಗಿಸಿ ಮೇಲೆ ಹತ್ತಿದ.

ಹತ್ತು ಗಂಟೆಯ ಹೊತ್ತಿಗೆ ಕೋಣೆಯ ಮೇಲಿನ ಹಳೆಯ ಡಾಂಬರು ಹೆಂಚನ್ನೆಲ್ಲ ಕಿತ್ತು ಅಂಗಳದಲ್ಲಿ ಪೇರಿಸಿದ್ದಾಯಿತು. ಕೆಳಗಿನ ಪ್ಲೈವುಡ್ ನೆನೆದು ನೆನೆದು ಹಾಲಿನಲ್ಲದ್ದಿದ ಬ್ರೆಡ್ಡಿನಂತಾಗಿತ್ತು. ಅದನ್ನು ಬದಲಿಸಬೇಕು ಎಂದುಕೊಳ್ಳುತ್ತಿರುವಾಗಲೇ ಎದುರು ಮನೆಯ ಡೆಲ್ಫೀನ್ ಓಡುತ್ತ ಬಂದಳು. ಬೀದಿಯ ದುಡಿಯುವವರಿಗೆಲ್ಲ ಮಧ್ಯಾಹ್ನದ ಊಟ ಕಟ್ಟಿಕೊಡುವ ಹೆಂಗಸು. ಕೈಯಲ್ಲಿ ಸೌಟು ಹಾಗೇ ಇತ್ತು.

"ಇಳಿಯೋ ಕ್ಲೋವಿಸ್! ಬಿಳಿ ಕಾರು ಬಂದಿದೆ, ಬಾಗಿಲ ಮೇಲೆ ಸರ್ಕಾರದ ಮುದ್ರೆ. ಒಬ್ಳು ಫೈಲು ಹಿಡ್ಕೊಂಡು ನಿನ್ನ ಹೆಸರು ಹೇಳಿ ಕೇಳ್ತಿದಾಳೆ!"

ಕ್ಲೋವಿಸನ ಕಾಲು ಏಣಿಯನ್ನು ತಡಕಿತು. ಏಣಿ ಇರಲಿಲ್ಲ. ಪಕ್ಕದ ಮನೆಯ ಕ್ಯಾಪ್ಟನ್ ರಮೀ, ನಲವತ್ತು ವರ್ಷ ಸೀಗಡಿ ದೋಣಿ ನಡೆಸಿದ ಮನುಷ್ಯ, ಅಪಾಯ ಕಂಡೊಡನೆ ಕೈಗೆ ಸಿಕ್ಕಿದ್ದನ್ನು ಮಾಡುವವನು, ಅದನ್ನು ಹೊತ್ತುಕೊಂಡು ಹೋಗಿ, ಅಂಗಳದಲ್ಲಿ ಮೇಲೆತ್ತಿ ನಿಲ್ಲಿಸಿದ್ದ ತನ್ನ ದೋಣಿಯ ಅಡಿಗೆ ತಳ್ಳುತ್ತಿದ್ದ.

"ಕ್ಯಾಪ್ಟನ್, ಏಣಿ! ನಾನಿನ್ನೂ ಮೇಲಿದೀನಿ!"

"ಅಲ್ಲೇ ಬಿದ್ಕೋ. ಏಣಿ ಕಂಡ್ರೆ ತಾನೇ ಮೇಲೆ ನೋಡ್ತಾಳೆ?"

ಕ್ಲೋವಿಸ್ ಛಾವಣಿಯ ನೆತ್ತಿಯ ಹಿಂಬದಿಗೆ ತೆವಳಿ ಬೋರಲು ಮಲಗಿದ. ಮಳೆಗೆ ಮುಂಚಿನ ಬಿಸಿಲು ಕಪ್ಪು ಡಾಂಬರಿನ ಮೇಲೆ ಅವನನ್ನು ಒಂದೇ ಮಗ್ಗುಲು ಬೇಯಿಸತೊಡಗಿತು.

ಬಂದವಳ ಹೆಸರು ಮಿಸೆಸ್ ಪ್ರೂಯಿಟ್. ದಪ್ಪ ಕನ್ನಡಕ, ಕೆಸರಾದ ಬೂಟು, ನಿದ್ದೆಗೆಟ್ಟ ಮುಖ. "ನಾನು ರಾಜ್ಯದ ಲೈಸೆನ್ಸ್ ಮಂಡಳಿಯಿಂದ ಬಂದಿದೀನಿ. ಕ್ಲೋವಿಸ್ ಫಾಲ್ಗೂ ಅವರ ಛಾವಣಿ ಕೆಲಸದ ಬಗ್ಗೆ ಎರಡು ಪ್ರಶ್ನೆ ಕೇಳೋದಿತ್ತು. ಮಿಸ್ ಯೂಲ ಅಂದ್ರೆ ನೀವೇನಾ? ಈ ಮನೆಗೆ ಹಿಂದೆ ಅವರೇ ಛಾವಣಿ ಹಾಕಿದ್ರಾ?"

ಎಂಬತ್ತೊಂದು ವರ್ಷ ಪಾದ್ರಿಯ ಮುಂದೆ ಹೇಳಿಕೊಳ್ಳಲು ಪಾಪ ಹುಡುಕಬೇಕಾಗಿದ್ದ ಮಿಸ್ ಯೂಲ ಕಣ್ಣು ಮಿಟುಕಿಸದೆ ಹೇಳಿದಳು: "ಕ್ಲೋವಿಸಾ? ಬಲ್ಬ್ ಬದಲಾಯಿಸೋಕೆ ಕುರ್ಚಿ ಹತ್ತಿದ್ರೂ ತಲೆ ಸುತ್ತಿ ಬೀಳೋ ಪ್ರಾಣಿ ಅದು. ಏಣಿ ಅಂದ್ರೆ ಏನೂಂತ ಕಂಡಿಲ್ಲ ಪಾಪ."

"ಹಾಗಾದ್ರೆ ಈ ಹೆಂಚು ಕಿತ್ತಿದ್ದು ಯಾರಮ್ಮ?"

"ಚಂಡಮಾರುತ."

ಮಿಸೆಸ್ ಪ್ರೂಯಿಟ್ ಅಂಗಳದ ಕಡೆ ನೋಡಿದಳು. "ಚಂಡಮಾರುತ ಕಿತ್ತು, ಇಷ್ಟು ಸಾಲಾಗಿ ಜೋಡಿಸಿಟ್ಟು ಹೋಯ್ತಾ?"

"ಅದು ಹೋಗೋ ಹೊತ್ತಿಗೆ ಸ್ವಲ್ಪ ಸಮಾಧಾನ ಆಗಿತ್ತು," ಎಂದಳು ಮುದುಕಿ.

ಅಧಿಕಾರಿ ನಿಟ್ಟುಸಿರು ಬಿಟ್ಟು ಒಂದು ಹಾಳೆ ತುಂಬಿ ಸಹಿ ಹಾಕಿಸಿಕೊಂಡಳು. ಅಷ್ಟರಲ್ಲಿ ಕ್ಯಾಪ್ಟನ್ ಯಾರೂ ಕರೆಯದೆಯೇ ಬೇಲಿ ದಾಟಿ ಬಂದ.

"ಮೇಡಂ, ಕ್ಲೋವಿಸ್ ವಿಷಯ ನನ್ನ ಕೇಳಿ. ಇಪ್ಪತ್ತೈದು ವರ್ಷ ನನ್ನ ದೋಣೀಲಿ ಅಡುಗೆಯವನಾಗಿದ್ದ. ಸುತ್ತಿಗೆ ಕೊಟ್ರೆ ಯಾವ ಕಡೆ ಹಿಡೀಬೇಕು ಅಂತ ಗೊತ್ತಿಲ್ಲ. ಒಂದ್ಸಲ ಕೋಳಿಗೂಡಿಗೆ ತಗಡು ಹಾಕಿದ್ದ. ಕೋಳಿಗಳೇ ಹೆದರಿ ಹೊರಗೆ ಮಲಗಿದ್ವು!"

ಮೇಲೆ ಮಲಗಿದ್ದ ಕ್ಲೋವಿಸನಿಗೆ ಬಿಸಿಲಿಗಿಂತ ಇದು ಹೆಚ್ಚು ಸುಟ್ಟಿತು. ಆರು ವಾರದ ಹಿಂದಿನ ಗಾಳಿಗೂ ಅಲುಗದೆ ನಿಂತದ್ದು ಆ ಬೀದಿಯಲ್ಲಿ ಎರಡೇ ಛಾವಣಿ. ಅದರಲ್ಲೊಂದು ಈ ಕ್ಯಾಪ್ಟನ್ನನದು. ಅದನ್ನು ಹಾಕಿದ್ದು ಯಾರು? ಒಂದೊಂದು ಹೆಂಚಿಗೂ ಆರಾರು ಮೊಳೆ ಬಡಿದದ್ದು ಯಾರು?

"ಹಾಗಿದ್ರೆ ನಿಮ್ಮ ಮನೆ ಛಾವಣಿ?" ಎಂದು ಅಧಿಕಾರಿಯೂ ಅದನ್ನೇ ಕೇಳಿದಳು.

"ಅದಾ? ಅದು ನಾನೇ ಹಾಕಿದ್ದು," ಎಂದು ಕ್ಯಾಪ್ಟನ್ ಎದೆಯುಬ್ಬಿಸಿದ.

ಮೇಲಿನಿಂದ ಹಲ್ಲು ಕಡಿದ ಸದ್ದು ಬಂತು. ಡೆಲ್ಫೀನ್ ಥಟ್ಟನೆ ಕೆಮ್ಮಿ, ತನ್ನ ಪಾಲಿನದನ್ನೂ ಸೇರಿಸಿದಳು. "ಪಾಪ ಮೇಡಂ, ಅವನಿಗೆ ಚಿಕ್ಕಂದಿನಿಂದ ಬುದ್ಧೀನೂ ಸ್ವಲ್ಪ ಕಮ್ಮಿ. ನಮ್ಮನೇಲಿ ಅವನು ಮುಟ್ಟಿರೋದು ಊಟದ ತಟ್ಟೆ ಮಾತ್ರ. ಎಲ್ಲಿ ಸಹಿ ಹಾಕ್ಬೇಕು?"

ಮೂರು ಸಹಿ ಬಿದ್ದವು. ಅಷ್ಟಕ್ಕೇ ಅವಳು ಹೊರಟುಬಿಟ್ಟಿದ್ದರೆ ಆಗಿತ್ತು. ಆದರೆ ಕ್ಯಾಪ್ಟನ್‌ಗೆ ತಾನು ಹಾಕಿದ ಛಾವಣಿಯ ಹೆಚ್ಚುಗಾರಿಕೆಯನ್ನು ವಿವರಿಸುವ ಹುಮ್ಮಸ್ಸು ಬಂತು. "ಹೆಂಚಿಗೆ ಎರಡೇ ಮೊಳೆ ಮೇಡಂ, ಅದೇ ಗುಟ್ಟು," ಎಂದ. ಎರಡೇ ಮೊಳೆ ಎಂಬ ಮಾತು ಕಿವಿಗೆ ಬಿದ್ದಾಗ ಕ್ಲೋವಿಸ್‌ಗೆ ತಡೆಯಲಾಗಲಿಲ್ಲ. ಬಾಯಿ ತೆರೆಯಲಿಲ್ಲ, ನಿಜ. ಸಿಟ್ಟಿನಲ್ಲಿ ಮೊಣಕಾಲೂರಿ ಎದ್ದ, ಅಷ್ಟೇ. ಮೊಣಕಾಲು ಊರಿದ್ದು ನೆತ್ತಿಯ ಈಚೆ, ಆ ನೆನೆದ ಪ್ಲೈವುಡ್ಡಿನ ಮೇಲೆ.

ಪ್ಲೈವುಡ್, ಅದರಡಿಯ ಸೀಲಿಂಗು, ಆರು ವಾರದ ಬೂಷ್ಟು, ಇವೆಲ್ಲದರ ಜೊತೆ ಕ್ಲೋವಿಸ್ ನೇರವಾಗಿ ಅನಟೋಲನ ಮಂಚದ ಮೇಲೆ ಇಳಿದ. ಮಂಚದ ಎರಡು ಕಾಲು ಮುರಿದವು. ಎಲ್ಲರಿಗಿಂತ ಮೊದಲು ಒಳಗೆ ಬಂದ ಮಿಸ್ ಯೂಲ, ಧೂಳಿನಲ್ಲಿ ಬೆಳ್ಳಗಾಗಿ ಗಂಡನ ಜಾಗದಲ್ಲಿ ಬಿದ್ದಿದ್ದವನನ್ನು ಕಂಡು, "ಅನಟೋಲ್! ವಾಪಸ್ ಬಂದ್ಯಾ?" ಎಂದು ಕೂಗಿ ಬಾಗಿಲಿಗೆ ಒರಗಿದಳು. ಅವನು ಸೀನಿದ. ಅವಳ ಮುಖ ಬಾಡಿತು. "ನೀನಾ," ಎಂದಳು.

ಮಿಸೆಸ್ ಪ್ರೂಯಿಟ್ ಬಾಗಿಲಲ್ಲಿ ನಿಂತಿದ್ದಳು. "ತಾವು?"

ಹೆಸರು ಬದಲಿಸಲು ಕ್ಲೋವಿಸ್‌ಗೆ ಆ ಕ್ಷಣದಲ್ಲಿ ಬೇರೆ ಹೆಸರೇ ಹೊಳೆಯಲಿಲ್ಲ. "ಕ್ಲೋವಿಸ್ ಫಾಲ್ಗೂ ಮೇಡಂ."

"ಮೇಲೇನು ಮಾಡ್ತಿದ್ರಿ?"

"ಬೆಕ್ಕು," ಎಂದಳು ಡೆಲ್ಫೀನ್ ಹಿಂದಿನಿಂದ.

"ಹೌದು, ಬೆಕ್ಕು," ಎಂದ ಕ್ಲೋವಿಸ್, ಕಿವಿಯೊಳಗಿನ ಮಣ್ಣು ತೆಗೆಯುತ್ತ. "ಹಿಡಿಯೋಕೆ ಹತ್ತಿದ್ದೆ. ಜೀವನದಲ್ಲಿ ಇದೇ ಮೊದಲು ಮೇಡಂ. ನೋಡಿ, ಏನಾಯ್ತು ಅಂತ. ನಾನು ದೋಣಿ ಅಡುಗೆಯವನು. ಛಾವಣಿ ಕೆಲಸ ಮಾಡಿದವನೇ ಅಲ್ಲ."

"ಒಂದು ದಿನವೂ ಇಲ್ಲ?"

"ದೇವರಾಣೆ, ಒಂದು ಗಂಟೇನೂ ಇಲ್ಲ."

"ಬರೆದು ಕೊಡ್ತೀರಾ?"

ಬರೆದುಕೊಟ್ಟ. ಇಷ್ಟು ಸುಲಭದಲ್ಲಿ ಜೈಲು ತಪ್ಪಿತಲ್ಲ ಎಂದು ಸಹಿಯ ಕೆಳಗೆ ಒಂದು ಗೆರೆಯನ್ನೂ ಎಳೆದ. ಮಿಸೆಸ್ ಪ್ರೂಯಿಟ್ ನಾಲ್ಕೂ ಹಾಳೆ ಜೋಡಿಸಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು.

"ಸಾಕ್ಷಿಗಳಿಗೆ ಮೊದಲೇ ವಿಷಯ ಹೇಳುವ ಹಾಗಿಲ್ಲ, ನಮ್ಮ ನಿಯಮ. ಈಗ ಹೇಳಬಹುದು. ಮಿಸ್ಟರ್ ಫಾಲ್ಗೂ, ನಾನು ಬಂದಿದ್ದು ನಿಮ್ಮ ಅರ್ಜಿ ಮೇಲೆ. ಪರೀಕ್ಷೇಲಿ ನಿಮಗೆ ತುಂಬಾ ಒಳ್ಳೆ ಅಂಕ ಬಂದಿತ್ತು. ಅನುಭವಕ್ಕೆ ಸಾಕ್ಷಿ ಅಂತ ಈ ಮೂರು ಮನೆ ಹೆಸರು ಕೊಟ್ಟಿದ್ರಿ. ಕಾಗದ ಬರೆದ್ರೆ ವಾಪಸ್ ಬಂತು, ಫೋನ್ ಸಿಗಲಿಲ್ಲ. ಇಲ್ಲಿ ಛಾವಣಿಯವರ ಬರ ಇದೆ, ನೀನೇ ಹೋಗಿ ಮುಗಿಸಿ ಬಾ ಅಂದ್ರು ಮೇಲಿನವರು. ನಾಲ್ಕು ಗಂಟೆ ಕಾರು ಓಡಿಸ್ಕೊಂಡು ಬಂದೆ." ಫೈಲಿನಿಂದ ಒಂದು ದಪ್ಪ ಕಾಗದ ತೆಗೆದಳು. ಮುದ್ರೆ ಬಿದ್ದಿತ್ತು, ಹೆಸರು ಅಚ್ಚಾಗಿತ್ತು. "ಈ ಮೂವರಲ್ಲಿ ಒಬ್ಬರು, ಹೌದು, ಇವನು ನಮ್ಮ ಮನೆಗೆ ಛಾವಣಿ ಹಾಕಿದಾನೆ ಅಂದಿದ್ರೆ ಸಾಕಿತ್ತು. ಲೈಸೆನ್ಸ್ ಇವತ್ತೇ ಕೈಗೆ ಕೊಟ್ಟು ಹೋಗ್ತಿದ್ದೆ."

ಡೆಲ್ಫೀನಳ ಸೌಟು ಕೆಳಗೆ ಬಿತ್ತು.

"ಅಯ್ಯೋ, ಸುಳ್ಳು ಮೇಡಂ!" ಎಂದು ಕ್ಯಾಪ್ಟನ್ ಮುಂದೆ ನುಗ್ಗಿದ. "ನಾವು ಹೇಳಿದ್ದೆಲ್ಲ ಸುಳ್ಳು! ನನ್ನ ಛಾವಣಿ ಇವನೇ ಹಾಕಿದ್ದು. ಇವತ್ತು ಬೆಳಗ್ಗೆ ಕೂಡ—"

ಮಿಸೆಸ್ ಪ್ರೂಯಿಟ್ ಬೆರಳೆತ್ತಿದಳು. "ಕ್ಯಾಪ್ಟನ್, ಸ್ವಲ್ಪ ನಿಧಾನ. ಇವರು ಛಾವಣಿ ಕೆಲಸದವರೇ ಅಂತ ನೀವಂದ್ರೆ, ಇವತ್ತು ಸೊಂಟದಲ್ಲಿ ಸುತ್ತಿಗೆ ಸಿಕ್ಕಿಸ್ಕೊಂಡು ಮೇಲೇನು ಮಾಡ್ತಿದ್ರು ಅಂತ ನಾನು ಕೇಳ್ಬೇಕಾಗುತ್ತೆ. ಕೇಳಿದ್ರೆ ಶೆರಿಫ್‌ಗೆ ಫೋನ್ ಮಾಡ್ಬೇಕಾಗುತ್ತೆ. ನೀವು ಈಗ ಅಂದಿದ್ದು ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಮಿಸ್ಟರ್ ಫಾಲ್ಗೂ, ನೀವೇ ಹೇಳಿ. ಏನಂತ ಬರೀಲಿ?"

ಕ್ಲೋವಿಸ್ ಸೊಂಟದ ಸುತ್ತಿಗೆಯನ್ನು ಕೈಯಿಂದ ಮುಚ್ಚಿಕೊಂಡ. ದಪ್ಪ ಕಾಗದದ ಮೇಲಿನ ತನ್ನ ಹೆಸರನ್ನು ಇನ್ನೊಮ್ಮೆ ಓದಿಕೊಂಡ. ಇವೆಟ್‌ಗೆ ಮಾಡಬೇಕಾಗಿದ್ದ ಫೋನ್ ನೆನಪಾಯಿತು.

"ಅಡುಗೆಯವನು ಅಂತಲೇ ಬರೀರಿ ಮೇಡಂ."

ಬರೆದಳು. ಬೇಕಾದರೆ ಲೈಸೆನ್ಸ್ ಇರುವವರ ಕೈಕೆಳಗೆ ಮೊದಲಿನಿಂದ ಕೆಲಸ ಕಲಿತು, ಕೆಲವು ವರ್ಷವಾದ ಮೇಲೆ ಮತ್ತೆ ಅರ್ಜಿ ಹಾಕಬಹುದು ಎಂದು ಮೆತ್ತಗೆ ತಿಳಿಸಿದಳು. ದಪ್ಪ ಕಾಗದಕ್ಕೆ ಅಡ್ಡಗೆರೆ ಎಳೆಯುವಾಗ ಅವಳ ಪೆನ್ನು ಎರಡು ಸಲ ನಿಂತಿತು.

ಮಳೆ ರೇಡಿಯೋ ಹೇಳಿದ ಹೊತ್ತಿಗೇ ಶುರುವಾಯಿತು. ಮೊದಲು ಹರಿದದ್ದು ಗೇಣು ಟಾರ್ಪಾಲು. ಈಗ ಒಬ್ಬ ಮನುಷ್ಯ ಹಾಯುವಷ್ಟು ತೂತಿನಿಂದ ನೀರು ಧೋ ಎಂದು ಮುರಿದ ಮಂಚದ ಮೇಲೆ ಸುರಿಯಿತು. ಆ ಮಳೆಯಲ್ಲಿ ಅಧಿಕಾರಿ ಕಾರು ಓಡಿಸುವಂತಿರಲಿಲ್ಲ. ಅಧಿಕಾರಿ ಇರುವವರೆಗೆ ಕ್ಲೋವಿಸ್ ಮೇಲೆ ಹತ್ತುವಂತಿರಲಿಲ್ಲ. ಕ್ಯಾಪ್ಟನ್ ಮತ್ತು ಅವನು ಸೇರಿ ಹಾಸಿಗೆಯನ್ನು ಗೋಡೆಯ ಬದಿಗೆ ಎಳೆದರು. ಡೆಲ್ಫೀನ್ ತನ್ನ ಮನೆಯಿಂದ ಗಂಬೋ ಸಾರು ಮಾಡುವ ದೊಡ್ಡ ಹಂಡೆ ತಂದು ತೂತಿನ ಕೆಳಗಿಟ್ಟಳು.

ಮಿಸ್ ಯೂಲ ಒದ್ದೆ ಹಾಸಿಗೆಯ ಅಂಚಿನಲ್ಲಿ ಕೂತು, ಕೆಮ್ಮು ನಿಂತ ಮೇಲೆ ಕೇಳಿದಳು: "ನಮ್ಮ ಕಡೆಗೆ ಲೈಸೆನ್ಸ್ ಇರೋರು ಯಾರನ್ನಾದ್ರೂ ಕಳಿಸ್ತೀರೇನಮ್ಮ?"

ಮಿಸೆಸ್ ಪ್ರೂಯಿಟ್ ಫೈಲು ತೆರೆದು ಪಟ್ಟಿಯ ಮೇಲೆ ಬೆರಳಾಡಿಸಿದಳು. "ಈ ಊರಿಗೆ ಇವತ್ತಿನಿಂದ ಒಬ್ಬರು ಸಿಗಬೇಕಿತ್ತು ಅಮ್ಮ," ಎಂದಳು. "ಆಗ್ಲಿಲ್ಲ."

ಹಂಡೆ ತುಂಬಿತು. ಕ್ಲೋವಿಸ್ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಚೆಲ್ಲಲು ಹೊರಗೆ ಹೋದ.