ಅತ್ತೆಯ ದವಡೆಯಲ್ಲಿ ಮಾವ

ನಮ್ಮ ಅತ್ತೆಯ ಬಾಯಲ್ಲಿ ಅತ್ತೆಯ ಜೊತೆ ಇನ್ನೊಬ್ಬರೂ ವಾಸವಾಗಿದ್ದರು! ನಗಬೇಡಿ. ಮೊದಲು ನಾನೂ ನಕ್ಕಿದ್ದೆ.

ಅತ್ತೆ ಎಂದರೆ ಅಪ್ಪನ ತಂಗಿ, ಮನೆ ತಿ. ನರಸೀಪುರದಲ್ಲಿ. ಮಾವ ತೀರಿಕೊಂಡ ಮೇಲೆ ನಮ್ಮ ನಂಜನಗೂಡಿಗೆ ಬಂದು, ದವಡೆಗೆ ಸ್ಕ್ರೂ ಕೂರಿಸಿ ಕಟ್ಟುವ ಹಲ್ಲೊಂದನ್ನು ಹಾಕಿಸಿಕೊಂಡರು. "ಮೂಳೆ ಹಿಡಿಯೋವರೆಗೂ ಅಲ್ಲಾಡಿಸಬೇಡಿ" ಎಂದರು ಡಾಕ್ಟರಮ್ಮ. ಅಷ್ಟು ಸಾಕಾಯಿತು. ಹೊಸದಾಗಿ ಪ್ರತಿಷ್ಠೆ ಮಾಡಿದ ದೇವರನ್ನು ಒಂದು ಮಂಡಲ ಮುಗಿಯುವ ಮುಂಚೆ ಯಾರಾದರೂ ಕದಲಿಸುತ್ತಾರೆಯೇ? ಅತ್ತೆಯ ಬ್ರಷ್ಷು ಆ ಹಲ್ಲಿಗೆ ದೂರದಿಂದಲೇ ಪ್ರದಕ್ಷಿಣೆ ಹಾಕಿತು. ಮಂಡಲ ಮುಗಿದರೂ ಮಡಿ ಮುಗಿಯಲಿಲ್ಲ!

ವರ್ಷ ತಿರುಗುವಷ್ಟರಲ್ಲಿ ಕೆನ್ನೆ ಊದಿ ಕಾದ ಹೆಂಚಾಯಿತು. ಒಂದು ಮಧ್ಯಾಹ್ನ ನೋಡಲು ಹೋದಾಗ, ಅತ್ತೆ ಮಾತಿನ ನಡುವೆ ತಟ್ಟನೆ ನಿಲ್ಲಿಸಿ, ತಲೆ ವಾಲಿಸಿ ಏನನ್ನೋ ಕೇಳಿಸಿಕೊಂಡರು. "ಊಂ, ಬತ್ತೀನಿ ಇರಿ."

"ಎಲ್ಲಿಗೆ ಅತ್ತೆ?"

"ನಿಂಗಲ್ಲ ಕಣ್ಲಾ, ನಿಮ್ಮ ಮಾವಂಗೆ! ಇಲ್ಲೇ ಬಂದು ಕುಂತವ್ರೆ. ಮುಟ್ಟು ಬೇಕಾದ್ರೆ."

ಮುಟ್ಟಿದೆ. ಕೆನ್ನೆ ಬಡಿಯುತ್ತಿತ್ತು. ಇನ್ನೊಂದು ಕೈಯಲ್ಲಿ ಅವರ ನಾಡಿ ಹಿಡಿದೆ. ಎರಡರ ತಾಳವೂ ಕೂಡಲಿಲ್ಲ! ನನ್ನ ಭ್ರಮೆಯೇ? ಕೈ ತೆಗೆದೆ. ಬೆರಳ ತುದಿ ಮಾತ್ರ ಮನೆ ಸೇರುವವರೆಗೂ ಬಡಿಯುತ್ತಲೇ ಇತ್ತು.

ಮಾರನೆಯ ದಿನ ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. ಸ್ಕ್ರೂ ಸುತ್ತ ಕಪ್ಪು ಗುಂಡಿ. ನನ್ನ ಕಣ್ಣಿಗೋ, ಯಾರೋ ಕಂಬಳಿ ಹೊದ್ದು ಕೂತಂತೆ!

"ಕೊಳೆ ಕಟ್ಟಿ ಕ್ರಿಮಿ ಸೇರಿವೆ ಅಮ್ಮ. ಅವನ್ನ ಓಡಿಸೋಕೆ ನಿಮ್ಮ ರಕ್ತದ ಕಾವಲು ಕಣಗಳು ಮುತ್ತಿಕೊಂಡಿವೆ. ಕ್ರಿಮಿ ಹೋಗ್ತಿಲ್ಲ, ಆ ಜಗಳದಲ್ಲಿ ನಿಮ್ಮ ಮೂಳೆನೇ ಕರಗ್ತಿದೆ."

"ಅವ್ರೇ ಬುಡವ್ವ! ಇಲಿ ಬಡಿಯಾಕೋಗಿ ಮನೆ ಮಡಕೆನೆಲ್ಲ ಒಡೆದಾಕ್ತಿದ್ರು!"

"ಸ್ಕ್ರೂ ತೆಗೀಲೇಬೇಕು."

ಅತ್ತೆಯ ನಗು ಆರಿತು. "ಒಂದ್ಸಲ ಕಳಿಸ್ಕೊಟ್ಟಿದ್ದೀನಿ ಕಣವ್ವ. ಇನ್ನೊಂದ್ಸಲ ಆಗಾಕಿಲ್ಲ."

"ಹಿಂಗೇ ಬಿಟ್ರೆ ದವಡೆ ಮುರಿಯುತ್ತೆ. ಮಾತಾಡೋಕೂ ಆಗಲ್ಲ."

ಅತ್ತೆ ಊದಿದ ಕೆನ್ನೆ ಸವರಿಕೊಂಡರು. "ಮಾತಾಡಾಕಾಗ್ದಿದ್ರೆ ಅವ್ರಿಗೆ ಎದುರುತ್ತರ ಕೊಡೋರ್ಯಾರು? ತೆಗೀರಿ!"

ಸ್ಕ್ರೂ ಹೋಯಿತು. ಗಾಯ ಮಾಗಿತು, ಕೆನ್ನೆ ತಣ್ಣಗಾಯಿತು. ಒಂದು ಬೆಳಿಗ್ಗೆ ಅತ್ತೆಯ ಫೋನು. "ಮಗ, ಒಳಗೆ ಸದ್ದೇ ಇಲ್ಲ ಕಣೋ. ನೀನಾರಾ ಏನಾರಾ ಮಾತಾಡು."

ನಾನು ಮಾತಿನವನಲ್ಲ. ನಮ್ಮನೆಯಲ್ಲಿ ಅಂದು ತಿಂಡಿ ಏನೆಂದು ಹೇಳಿದೆ. ಅತ್ತೆ ಹೂಂಗುಟ್ಟಿದರು. ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ನಾನು ಫೋನು ಮಾಡಿ ತಿಂಡಿ ಹೇಳುವುದು, ಅವರು ಹೂಂಗುಟ್ಟುವುದು.

ಅತ್ತೆ ತೀರಿಕೊಂಡ ದಿನ ನಮ್ಮನೆಯಲ್ಲಿ ಉಪ್ಪಿಟ್ಟು. ಅದನ್ನು ಇನ್ನೂ ಯಾರಿಗೂ ಹೇಳಿಲ್ಲ.